ಬೋಟ್ ಬಂದ್ ಇರುವಾಗ ಒತ್ತಡ ಅಳೆಯುವುದು ಹೇಗೆ? ಮನಶ್ಶಾಸ್ತ್ರ ವಿದ್ಯಾರ್ಥಿಗಳಿಗೆ ಸಂಶೋಧನೆಯ ಮೊದಲ ಪಾಠ

"ಕಾರವಾರದ ಮೀನುಗಾರರಲ್ಲಿ ಮಾನಸಿಕ ಒತ್ತಡ: ಒಂದು ಅಧ್ಯಯನ." ಮನಶ್ಶಾಸ್ತ್ರದ ಪ್ರೊಜೆಕ್ಟ್ ಅಂದರೆ ಹೆಚ್ಚಾಗಿ ಇಂಥದ್ದೇ ಒಂದು ಶೀರ್ಷಿಕೆಯಿಂದ ಶುರುವಾಗುತ್ತದೆ. ವಿಷಯ ಒಳ್ಳೆಯದೇ, ಆದರೆ ಇದರಲ್ಲಿ ಪ್ರಶ್ನೆ ಎಲ್ಲಿದೆ? ಪ್ರಶ್ನೆ ಇಲ್ಲದೆ ನೂರು ಜನರಿಂದ ಫಾರ್ಮ್ ತುಂಬಿಸಿಕೊಂಡು ಬಂದು, "ಸರ್, ಇದಕ್ಕೆ ಯಾವ ಟೆಸ್ಟ್ ಹಾಕಬೇಕು?" ಎಂದು ಕೇಳಿದರೆ ಎಂಥ ಗೈಡ್ ಕೂಡ ಹೆಚ್ಚೇನೂ ಮಾಡಲಾರರು. ಸಂಖ್ಯಾಶಾಸ್ತ್ರ ಎಂದರೆ ಹೆದರುವವರು ತುಂಬ ಜನ. ನಾನು ನೋಡಿದ ಮಟ್ಟಿಗೆ ಪ್ರೊಜೆಕ್ಟ್ ಕೆಡುವುದು ಲೆಕ್ಕದಲ್ಲಿ ಕಡಿಮೆ, ಲೆಕ್ಕಕ್ಕೆ ಮುಂಚಿನ ತೀರ್ಮಾನಗಳಲ್ಲಿ ಹೆಚ್ಚು. ಅದಕ್ಕೇ ಇಲ್ಲಿ ಬಹುಪಾಲು ಜಾಗ ಆ ತೀರ್ಮಾನಗಳಿಗೆ ಹೋಗುತ್ತದೆ. ಕರಾವಳಿಯ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಮುಂದೆ ಹೋಗೋಣ. ಕೊನೆಯ ಹೊತ್ತಿಗೆ ಒಮ್ಮೆ ಘಟ್ಟ ಹತ್ತಿ ಶಿರಸಿಗೂ ಹೋಗಬೇಕಾಗುತ್ತದೆ.

1. ವಿಷಯವನ್ನು ಪ್ರಶ್ನೆಯಾಗಿಸಿ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಬೋಟ್‌ಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಕಾರವಾರದ ಬೈತಖೋಲ್ ಬಂದರಿನಲ್ಲಿ ಟ್ರಾಲರ್‌ಗಳು, ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟ್‌ಗಳು ಸಾಲಾಗಿ ನಿಲ್ಲುತ್ತವೆ. ಬೋಟ್ ನಿಂತರೆ ಕಲಾಸಿಗೆ, ಅಂದರೆ ಬೋಟಿನಲ್ಲಿ ದುಡಿಯುವ ಕಾರ್ಮಿಕನಿಗೆ, ಮೀನಿನ ಹಣದಲ್ಲಿ ಪಾಲು ಇಲ್ಲ. ಈಗ ಪ್ರಶ್ನೆ ಹೀಗೆ ಬರೆಯಬಹುದು: "ಬಂದ್ ಇರುವ ತಿಂಗಳಲ್ಲಿ ಬೋಟ್ ಕಾರ್ಮಿಕರ ಒತ್ತಡದ ಅಂಕ, ಬೋಟ್ ಓಡುವ ತಿಂಗಳಿಗಿಂತ ಹೆಚ್ಚಿರುತ್ತದೆಯೇ?"

ಇದರಲ್ಲಿ ಯಾರು, ಯಾವಾಗ, ಏನನ್ನು ಅಳೆಯುವುದು, ಯಾವುದಕ್ಕೆ ಹೋಲಿಸುವುದು ಎಲ್ಲವೂ ಇದೆ. ಈ ನಾಲ್ಕರಲ್ಲಿ ಒಂದು ಬಿಟ್ಟುಹೋದರೂ ಮುಂದೆ ದಾರಿ ತಪ್ಪುತ್ತದೆ. ಪಠ್ಯಪುಸ್ತಕದ ಭಾಷೆಯಲ್ಲಿ ಬಂದ್ ಇರುವುದು, ಇಲ್ಲದಿರುವುದು ಸ್ವತಂತ್ರ ಚರ (ವೇರಿಯಬಲ್); ಒತ್ತಡದ ಅಂಕ ಅವಲಂಬಿತ ಚರ. "ಎರಡು ತಿಂಗಳ ನಡುವೆ ಏನೂ ವ್ಯತ್ಯಾಸವಿಲ್ಲ" ಎಂಬುದು ಶೂನ್ಯ ಪ್ರಾಕ್ಕಲ್ಪನೆ.

2. ಯಾವುದಕ್ಕೆ ಹೋಲಿಸುತ್ತೀರಿ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಮೊದಲ ಆಯ್ಕೆ: ಮೇ ತಿಂಗಳಲ್ಲಿ ಒಂದಷ್ಟು ಜನ, ಜುಲೈನಲ್ಲಿ ಬೇರೆ ಒಂದಷ್ಟು ಜನ. ಎರಡನೆಯ ಆಯ್ಕೆ: ಮೇ ತಿಂಗಳಲ್ಲಿ ಕೇಳಿದವರನ್ನೇ ಜುಲೈನಲ್ಲೂ ಕೇಳುವುದು. ಸಾಧ್ಯವಿದ್ದಲ್ಲೆಲ್ಲ ಎರಡನೆಯದನ್ನೇ ಹಿಡಿಯಿರಿ. ಒಬ್ಬೊಬ್ಬರ ಸ್ವಭಾವ ಒಂದೊಂದು ತರಹ. ಕೆಲವರು ಮೊದಲಿನಿಂದಲೂ ಹೆಚ್ಚು ಚಿಂತೆ ಮಾಡುವವರು, ಕೆಲವರು ಏನು ಬಂದರೂ ತಣ್ಣಗಿರುವವರು. ಅದೇ ವ್ಯಕ್ತಿಯನ್ನು ಅವನ ಜೊತೆಗೇ ಹೋಲಿಸಿದಾಗ ಈ ಭೇದ ಲೆಕ್ಕದಿಂದ ಹೊರಗುಳಿಯುತ್ತದೆ. ಇದರ ಲಾಭ ಎಷ್ಟು ದೊಡ್ಡದೆಂದು ಮುಂದೆ ಅಂಕಿಯಲ್ಲೇ ನೋಡುತ್ತೀರಿ.

ಆದರೂ ಒಂದು ತೊಡಕು ಉಳಿಯುತ್ತದೆ. ಬಂದ್ ಬರುವ ಹೊತ್ತಿಗೇ ಮಳೆಗಾಲ ಬರುತ್ತದೆ. ಜೂನ್ ಎಂದರೆ ಶಾಲೆ ಶುರು: ಫೀಸು, ಪುಸ್ತಕ, ಯೂನಿಫಾರ್ಮ್. ಮನೆ ಸೋರುತ್ತದೆ, ಮಕ್ಕಳಿಗೆ ಜ್ವರ ಬರುತ್ತದೆ. ಜುಲೈನಲ್ಲಿ ಒತ್ತಡ ಹೆಚ್ಚಾಗಿದ್ದರೆ ಅದು ಬಂದ್‌ನಿಂದಲೋ, ಮಳೆಯಿಂದಲೋ, ಫೀಸಿನಿಂದಲೋ? ಒಂದೇ ಗುಂಪನ್ನು ಅಳೆದವರು ಇದಕ್ಕೆ ಉತ್ತರ ಹೇಳಲಾರರು.

ಪರಿಹಾರ ಹುಡುಕಲು ದೂರ ಹೋಗಬೇಕಿಲ್ಲ. 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ಸಾಂಪ್ರದಾಯಿಕ ನಾಡದೋಣಿಗಳಿಗೆ ನಿಷೇಧ ಅನ್ವಯಿಸುವುದಿಲ್ಲ. ಅದೇ ಊರು, ಅದೇ ಮಳೆ, ಅದೇ ಶಾಲೆ ಫೀಸು. ಬಂದ್ ಮಾತ್ರ ಇಲ್ಲ. ನಾಡದೋಣಿಯವರನ್ನೂ ಮೇ ಮತ್ತು ಜುಲೈನಲ್ಲಿ ಅಳೆಯಿರಿ. ಕಲಾಸಿಗಳ ಅಂಕ ಎಷ್ಟು ಏರಿತು, ನಾಡದೋಣಿಯವರದ್ದು ಎಷ್ಟು ಏರಿತು, ಈ ಎರಡು ಏರಿಕೆಗಳ ನಡುವಿನ ಅಂತರವೇ ನಿಮಗೆ ಬೇಕಾದ ಸಂಖ್ಯೆ. ಇದೂ ಪೂರ್ತಿ ಶುದ್ಧವಾದ ಹೋಲಿಕೆಯೇನಲ್ಲ. ಮಳೆಗಾಲದ ಕಡಲಿನ ಅಬ್ಬರಕ್ಕೆ ನಾಡದೋಣಿಯೂ ಎಷ್ಟೋ ದಿನ ದಡದಲ್ಲೇ ಉಳಿಯುತ್ತದೆ. ಅದನ್ನು ವರದಿಯಲ್ಲಿ ಮುಚ್ಚಿಡದೆ ಬರೆಯಬೇಕು. ಹಾಗಿದ್ದರೂ ಹೋಲಿಕೆ ಗುಂಪೇ ಇಲ್ಲದ ಅಧ್ಯಯನಕ್ಕಿಂತ ಇದು ಎಷ್ಟೋ ಪಾಲು ಮೇಲು.

ಒಂದು ಮಾತು ನೆನಪಿರಲಿ: ಯಾರಿಗೆ ಬಂದ್, ಯಾರಿಗೆ ಇಲ್ಲ ಎಂದು ನೀವು ಚೀಟಿ ಎತ್ತಿ ಹಂಚಿಲ್ಲ. ಹಾಗಾಗಿ ಇದು ಪ್ರಯೋಗವಲ್ಲ. ವರದಿಯಲ್ಲಿ "ಪರಿಣಾಮ" ಎಂಬ ಪದವನ್ನು ಕೈ ಬಿಗಿ ಹಿಡಿದು ಬಳಸಿ.

3. ಅಳತೆಗೋಲು

ಒತ್ತಡ ಅಳೆಯಲು ಸ್ವಂತ ಪ್ರಶ್ನಾವಳಿ ತಯಾರಿಸುವ ಆಸೆ ಎಲ್ಲರಿಗೂ ಇರುತ್ತದೆ. ಮೊದಲ ಪ್ರೊಜೆಕ್ಟ್‌ಗೆ ಅದು ಬೇಡ. ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್ ಇದೆ. ಅದರ 10 ಪ್ರಶ್ನೆಗಳ ರೂಪ ಹೆಚ್ಚು ಬಳಕೆಯಲ್ಲಿದೆ. ಪ್ರತಿ ಪ್ರಶ್ನೆಗೆ "ಎಂದೂ ಇಲ್ಲ"ದಿಂದ "ತುಂಬಾ ಸಲ"ದವರೆಗೆ 0ರಿಂದ 4 ಅಂಕ. ಒಟ್ಟು 0ರಿಂದ 40. ಪ್ರಶ್ನೆಗಳು ಕಳೆದ ಒಂದು ತಿಂಗಳ ಬಗ್ಗೆ ಇರುತ್ತವೆ. ಇದನ್ನು ಗಮನಿಸದೆ ಜೂನ್ 5ಕ್ಕೆ ಹೋಗಿ ಕೇಳಿದರೆ ನಿಮಗೆ ಸಿಗುವುದು ಹೆಚ್ಚೂಕಡಿಮೆ ಮೇ ತಿಂಗಳ ಒತ್ತಡ. ಹಾಗಾಗಿ ಮೊದಲ ಅಳತೆ ಮೇ ಕೊನೆಯ ವಾರ, ಎರಡನೆಯದು ಜುಲೈ ಕೊನೆಯ ವಾರ.

4, 5, 7 ಮತ್ತು 8ನೇ ಪ್ರಶ್ನೆಗಳು ಉಲ್ಟಾ: "ಎಲ್ಲ ನನ್ನ ಹಿಡಿತದಲ್ಲಿದೆ ಅನ್ನಿಸಿತೇ" ಎಂಬ ಧಾಟಿಯವು. ಅವುಗಳಲ್ಲಿ 0 ಬಂದರೆ 4, 1 ಬಂದರೆ 3 ಎಂದು ತಿರುಗಿಸಿ ಕೂಡಿಸಬೇಕು. ಇದು ಮರೆತರೆ ಇಡೀ ಡೇಟಾ ಹಾಳು. ಪತ್ತೆ ಹಚ್ಚಲು ಸುಲಭದ ದಾರಿಯೂ ಇದೆ. ಕ್ರೋನ್‌ಬಾಕ್ 1951ರಲ್ಲಿ ಕೊಟ್ಟ ಆಲ್ಫಾ ಎಂಬ ಅಂಕಿ, ಹತ್ತೂ ಪ್ರಶ್ನೆಗಳು ಒಂದೇ ದಿಕ್ಕಿನಲ್ಲಿ ಮಾತಾಡುತ್ತಿವೆಯೇ ಎಂದು ಹೇಳುತ್ತದೆ. 0.70 ದಾಟಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. 0.2ರಷ್ಟೋ, ಸೊನ್ನೆಗಿಂತ ಕೆಳಗೋ ಬಂದರೆ ಮೊದಲು ಉಲ್ಟಾ ಪ್ರಶ್ನೆಗಳನ್ನು ತಿರುಗಿಸಿದ್ದೀರಾ ನೋಡಿ.

ಆಲ್ಫಾ ಚೆನ್ನಾಗಿ ಬಂತೆಂದು ಅಳತೆ ಸರಿ ಎಂದೂ ಅಲ್ಲ. ಕಿಲೋಗೆ ನೂರು ಗ್ರಾಂ ಕಡಿಮೆ ತೂಗುವ ಮೀನು ಮಾರ್ಕೆಟ್ಟಿನ ತಕ್ಕಡಿ ಪ್ರತಿ ಸಲವೂ ಅದೇ ನೂರು ಗ್ರಾಂ ಕಡಿಮೆ ತೂಗುತ್ತದೆ. ಅದರಲ್ಲಿ ಸ್ಥಿರತೆ ಇದೆ, ಸತ್ಯ ಇಲ್ಲ. ಮೊದಲನೆಯದನ್ನು ವಿಶ್ವಾಸಾರ್ಹತೆ, ಎರಡನೆಯದನ್ನು ಸಪ್ರಮಾಣತೆ ಎನ್ನುತ್ತೇವೆ. ನಮ್ಮ ಕರಾವಳಿಯಲ್ಲಿ ಸಪ್ರಮಾಣತೆ ಕೈಕೊಡುವುದು ಹೆಚ್ಚಾಗಿ ಭಾಷೆಯಲ್ಲಿ. ಬಂದರಿನಲ್ಲಿ ಕೊಂಕಣಿ ಮನೆಮಾತಿನವರೇ ಹೆಚ್ಚಿರಬಹುದು, ಪ್ರಶ್ನಾವಳಿ ಕನ್ನಡದಲ್ಲಿರಬಹುದು. ಒಬ್ಬರು ಕೊಂಕಣಿಗೆ ಅನುವಾದಿಸಲಿ. ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಮೂಲ ಭಾಷೆಗೆ ತರಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಐದಾರು ಜನರ ಮುಂದೆ ಓದಿ, "ಈ ಪ್ರಶ್ನೆ ನಿಮಗೆ ಏನು ಅರ್ಥವಾಯಿತು?" ಎಂದು ಕೇಳಿ. ಅವರ ಉತ್ತರಗಳನ್ನು ಮುಖ್ಯ ಡೇಟಾಗೆ ಸೇರಿಸಬೇಡಿ.

ಓದಲು ಬಾರದವರಿಗೆ ನೀವೇ ಓದಿ ಹೇಳುತ್ತೀರಿ. ಆಗ ಎಲ್ಲರಿಗೂ ಹಾಗೆಯೇ ಓದಿ ಹೇಳಬೇಕು; ಅರ್ಧ ಜನ ತಾವೇ ತುಂಬಿ, ಅರ್ಧ ಜನಕ್ಕೆ ನೀವು ಕೇಳಿದರೆ ಎರಡು ಬಗೆಯ ಅಳತೆ ಆಯಿತು. ಜಾಗವೂ ಮುಖ್ಯ. ಬಲೆ ರಿಪೇರಿಗೆ ಕೂತ ಗುಂಪಿನ ನಡುವೆ ಕೇಳಿದರೆ ಮೊದಲನೆಯವನು ಹೇಳಿದ್ದನ್ನೇ ಉಳಿದವರೂ ಹೇಳುತ್ತಾರೆ. ಬೋಟ್ ಮಾಲೀಕರೋ, ಬೋಟ್ ನಡೆಸುವ ತಾಂಡೇಲರೋ ಪಕ್ಕದಲ್ಲಿ ನಿಂತಿದ್ದರೆ "ನಮಗೇನ್ ಟೆನ್ಶನ್ ಇಲ್ಲ" ಎಂಬ ಉತ್ತರವೇ ಬರುತ್ತದೆ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಕೂರಿಸಿ ಕೇಳಿ.

4. ಯಾರನ್ನು, ಎಷ್ಟು ಜನರನ್ನು?

ಬಂದರಿಗೆ ಹೋದಾಗ ಸಿಕ್ಕವರನ್ನೆಲ್ಲ ಕೇಳುವುದು ಸುಲಭ, ವಿದ್ಯಾರ್ಥಿ ಪ್ರೊಜೆಕ್ಟ್‌ಗಳಲ್ಲಿ ಅದೇ ಹೆಚ್ಚು ನಡೆಯುವುದು. ಅದಕ್ಕಿಂತ ಸ್ವಲ್ಪ ಹೆಚ್ಚು ಶ್ರಮ ಪಟ್ಟರೆ ಬೋಟ್‌ಗಳ ಪಟ್ಟಿ ಸಿಗುತ್ತದೆ. ಬೋಟ್‌ಗಳಿಗೆ ನಂಬರ್ ಕೊಟ್ಟು, ಚೀಟಿ ಎತ್ತಿ, ಬಂದ ಬೋಟ್‌ಗಳ ಕಲಾಸಿಗಳನ್ನು ಕೇಳಿ.

ಬೇರೆ ರಾಜ್ಯಗಳಿಂದ ಬಂದು ದುಡಿಯುವ ಕಲಾಸಿಗಳು ಬಂದ್ ಶುರುವಾಗುತ್ತಿದ್ದಂತೆ ಊರಿಗೆ ಹೋಗುತ್ತಾರೆ. ಮೇ ತಿಂಗಳ ಪಟ್ಟಿಯಲ್ಲಿದ್ದ ಅವರು ಜುಲೈನಲ್ಲಿ ಸಿಗುವುದಿಲ್ಲ. ಉಳಿದವರ ಮೇಲಷ್ಟೇ ಲೆಕ್ಕ ಹಾಕಿ "ಬೋಟ್ ಕಾರ್ಮಿಕರು ಹೀಗೆ" ಎಂದರೆ ತಪ್ಪು. ಎರಡು ದಾರಿ ಇವೆ: ಮೊದಲೇ "ಕಾರವಾರ ತಾಲೂಕಿನಲ್ಲೇ ಮನೆ ಇರುವ ಕಾರ್ಮಿಕರು" ಎಂದು ಪ್ರಶ್ನೆಯನ್ನು ಕಿರಿದು ಮಾಡುವುದು, ಇಲ್ಲವೇ ಊರಿಗೆ ಹೋದವರನ್ನು ಫೋನಿನಲ್ಲಿ ಕೇಳುವುದು. ಫೋನ್ ಹಿಡಿದರೆ ಅಳೆಯುವ ವಿಧಾನ ಬದಲಾಯಿತು. ನನ್ನ ಮತ ಮೊದಲ ದಾರಿಗೆ.

ಸಂಖ್ಯೆಯ ವಿಷಯದಲ್ಲಿ "ನೂರು ಜನ ಸಾಕು" ಎಂಬ ಅಂದಾಜು ಬೇಡ. ಎಷ್ಟು ಚಿಕ್ಕ ವ್ಯತ್ಯಾಸವನ್ನು ಹಿಡಿಯಬೇಕು ಎಂಬುದರ ಮೇಲೆ ಅದು ನಿಂತಿದೆ. ಮಧ್ಯಮ ಗಾತ್ರದ ವ್ಯತ್ಯಾಸ, ಎಂದರೆ ಮಾನಕ ವಿಚಲನೆಯ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯ) ಅರ್ಧದಷ್ಟು, ನಿಜವಾಗಿ ಇದ್ದರೆ ಅದನ್ನು ನೂರಕ್ಕೆ 80 ಸಲ ಹಿಡಿಯಲು ಅದೇ ಜನರನ್ನು ಎರಡು ಸಲ ಅಳೆಯುವಲ್ಲಿ 34 ಜನ ಸಾಕು. ಎರಡು ಬೇರೆ ಗುಂಪುಗಳಾದರೆ ಪ್ರತಿ ಗುಂಪಿನಲ್ಲಿ 64 ಬೇಕು. ವ್ಯತ್ಯಾಸ ಇನ್ನೂ ಚಿಕ್ಕದು, ಮಾನಕ ವಿಚಲನೆಯ 0.2ರಷ್ಟು ಎಂದಾದರೆ ಪ್ರತಿ ಗುಂಪಿಗೆ 390ಕ್ಕೂ ಹೆಚ್ಚು. ಕಲಾಸಿ ಮತ್ತು ನಾಡದೋಣಿಯವರ ಏರಿಕೆಗಳನ್ನು ಹೋಲಿಸುವಾಗ ಗುಂಪು ಎರಡಾದ್ದರಿಂದ 64ರ ಲೆಕ್ಕವೇ ಅನ್ವಯ. ಜೀ-ಪವರ್ ಎಂಬ ಉಚಿತ ಸಾಫ್ಟ್‌ವೇರ್ ಈ ಲೆಕ್ಕವನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ. ನಡುವೆ ಬಿಟ್ಟುಹೋಗುವವರಿಗಾಗಿ ಇನ್ನೂ ಕೆಲವರನ್ನು ಸೇರಿಸಿಕೊಳ್ಳಿ.

5. ಒಪ್ಪಿಗೆ

ಕಾಲೇಜಿನ ನೈತಿಕ ಸಮಿತಿಯ ಅನುಮತಿ ಸಿಗುವ ಮೊದಲು ಒಬ್ಬರನ್ನೂ ಕೇಳಬೇಡಿ. ಒಪ್ಪಿಗೆ ಪತ್ರ ಅವರ ಭಾಷೆಯಲ್ಲಿರಲಿ, ಓದಿ ಹೇಳಿ. ಹೆಬ್ಬೆಟ್ಟು ಒತ್ತುವವರಿದ್ದರೆ ಒಬ್ಬ ಸಾಕ್ಷಿ ಇರಲಿ. ನಡುವೆ ಯಾವಾಗ ಬೇಕಾದರೂ ಬಿಡಬಹುದು, ಇದರಿಂದ ಸರ್ಕಾರದ ಪರಿಹಾರವೇನೂ ಸಿಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ. ಬಂದ್ ಸಮಯದಲ್ಲಿ ಫಾರ್ಮ್ ಹಿಡಿದು ಬಂದವರನ್ನು ಕಂಡರೆ ಪರಿಹಾರದ ನಿರೀಕ್ಷೆ ಹುಟ್ಟುವುದು ಸಹಜ, ಆ ನಿರೀಕ್ಷೆಯಲ್ಲಿ ಉತ್ತರಗಳೂ ಬದಲಾಗುತ್ತವೆ. 18 ತುಂಬದವರಾದರೆ ತಂದೆತಾಯಿಯ ಒಪ್ಪಿಗೆಯೂ ಬೇಕು. ಹೆಸರಿನ ಜಾಗದಲ್ಲಿ ಕೋಡ್ ನಂಬರ್. ಹೆಸರು ಮತ್ತು ಕೋಡ್ ಸೇರಿರುವ ಹಾಳೆ ಬೇರೆಯೇ ಕಡೆ, ಬೀಗದಲ್ಲಿ.

ಈ ಸ್ಕೇಲ್ ರೋಗ ಪತ್ತೆ ಮಾಡುವ ಸಾಧನವಲ್ಲ. 30 ಅಂಕ ಬಂದವರಿಗೆ "ನಿಮಗೆ ಖಿನ್ನತೆ ಇದೆ" ಎಂದು ಹೇಳುವ ಅಧಿಕಾರ ನಿಮಗಿಲ್ಲ. ಆದರೆ ಮಾತಿನ ನಡುವೆ ಯಾರಾದರೂ ಬದುಕೇ ಬೇಡ ಎನ್ನುವಂತೆ ಮಾತಾಡಿದರೆ ಫಾರ್ಮ್ ಪಕ್ಕಕ್ಕಿಡಿ. ಕೂತು ಕೇಳಿ, ಗೈಡ್‌ಗೆ ಕೂಡಲೇ ತಿಳಿಸಿ, ಟೆಲಿ-ಮಾನಸ್ ಸಹಾಯವಾಣಿ 14416ರ ಬಗ್ಗೆ ಹೇಳಿ, ಅಲ್ಲೇ ಕರೆ ಮಾಡಿಸಿಕೊಡಿ. ಆ ದಿನದ ಉಳಿದ ಸಂದರ್ಶನಗಳು ನಾಳೆಗೆ ಹೋದರೂ ಪರವಾಗಿಲ್ಲ.

6. ಡೇಟಾ ತುಂಬುವುದು

ಒಬ್ಬರಿಗೆ ಒಂದು ಸಾಲು. ಮೇ ತಿಂಗಳ ಹತ್ತು ಉತ್ತರ, ಜುಲೈನ ಹತ್ತು ಉತ್ತರ ಅದೇ ಸಾಲಿನಲ್ಲಿ. ಉತ್ತರ ಕೊಡದಿದ್ದರೆ ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ಸೊನ್ನೆ ಎಂದರೆ "ಎಂದೂ ಇಲ್ಲ" ಎಂದರ್ಥ. ಪ್ರತಿ ಕಾಲಂನ ಗರಿಷ್ಠ, ಕನಿಷ್ಠ ನೋಡಿ. 44 ಎಂದು ಎಲ್ಲಾದರೂ ಕಂಡರೆ ಕೀಬೋರ್ಡ್ ಎರಡು ಸಲ ಒತ್ತಿದೆ. ಮೂಲ ಫೈಲ್ ಮುಟ್ಟದೆ ಇಟ್ಟು, ಪ್ರತಿಯ ಮೇಲೆ ಕೆಲಸ ಮಾಡಿ. ಲೆಕ್ಕಕ್ಕೆ ಬೇಕಾದ ಸಾಫ್ಟ್‌ವೇರ್‌ಗಳಾದ ಜಾಸ್ಪ್, ಜಮೋವಿ ಎರಡೂ ಉಚಿತ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಅಗತ್ಯ ಈಗಿಲ್ಲ.

7. ಟೆಸ್ಟ್‌ಗೆ ಮೊದಲು ಕಣ್ಣು

ಮೊದಲು ಅಂಕಗಳ ಗ್ರಾಫ್ ಹಾಕಿ ನೋಡಿ, ಆಮೇಲೆ ಸರಾಸರಿ. ಐದು ಮನೆಗಳ ತಿಂಗಳ ಆದಾಯ 12,000, 14,000, 15,000, 16,000 ಮತ್ತು 1,43,000 ರೂಪಾಯಿ ಎಂದುಕೊಳ್ಳಿ. ಸರಾಸರಿ 40,000. ಆ ಐದು ಮನೆಗಳಲ್ಲಿ ಯಾರ ಆದಾಯವೂ 40,000ದ ಹತ್ತಿರ ಇಲ್ಲ! ಒಬ್ಬ ಬೋಟ್ ಮಾಲೀಕ ಪಟ್ಟಿಯೊಳಗೆ ಬಂದದ್ದಷ್ಟೇ ಕಾರಣ. ಸಾಲಾಗಿ ಜೋಡಿಸಿದಾಗ ನಡುವೆ ಬರುವ 15,000, ಅಂದರೆ ಮಧ್ಯಾಂಕ, ನಿಜಕ್ಕೆ ಹತ್ತಿರ. ಆದಾಯ, ಸಾಲ, ಮೊಬೈಲ್ ನೋಡುವ ಗಂಟೆಗಳು ಇಂಥವಕ್ಕೆ ಮಧ್ಯಾಂಕವನ್ನೇ ಕೊಡಿ.

8. ಒಂದು ಲೆಕ್ಕವನ್ನು ಕೈಯಲ್ಲೇ ಮಾಡಿ

ಸಾಫ್ಟ್‌ವೇರ್ ಇದ್ದರೂ ಒಮ್ಮೆ ಪೆನ್ನು ಹಿಡಿದು ಮಾಡಿದವರಿಗೆ ಟಿ-ಟೆಸ್ಟ್, ಅಂದರೆ ಸರಾಸರಿಗಳ ಅಂತರ ಬರೀ ಆಕಸ್ಮಿಕವೇ ಎಂದು ನೋಡುವ ಲೆಕ್ಕ, ಮತ್ತೆ ಮರೆಯುವುದಿಲ್ಲ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸದಲ್ಲಿದ್ದ ವಿಲಿಯಂ ಗೊಸೆಟ್ 1908ರಲ್ಲಿ "ಸ್ಟೂಡೆಂಟ್" ಎಂಬ ಹೆಸರಿನಲ್ಲಿ ಪ್ರಕಟಿಸಿದ ವಿಧಾನ ಇದು, ಸಣ್ಣ ಮಾದರಿಗಳಿಗೆಂದೇ ಹುಟ್ಟಿದ್ದು. ಕೆಳಗಿನ ಅಂಕಗಳು ಅಭ್ಯಾಸಕ್ಕಾಗಿ ನಾನು ಕಲ್ಪಿಸಿದವು, ನಿಜವಾದ ಜನರದ್ದಲ್ಲ.

ಎಂಟು ಕಲಾಸಿಗಳು, ಮೇ ಅಂಕ: 14, 18, 11, 20, 16, 13, 22, 14. ಸರಾಸರಿ 16.
ಅದೇ ಕ್ರಮದಲ್ಲಿ ಜುಲೈ ಅಂಕ: 19, 20, 15, 22, 23, 12, 27, 22. ಸರಾಸರಿ 20.
ಒಬ್ಬೊಬ್ಬರ ಏರಿಕೆ: 5, 2, 4, 2, 7, -1, 5, 8. ಸರಾಸರಿ 4.

ಈಗ ಪ್ರತಿ ಏರಿಕೆಯಿಂದ 4 ಕಳೆಯಿರಿ: 1, -2, 0, -2, 3, -5, 1, 4. ವರ್ಗ ಮಾಡಿ ಕೂಡಿಸಿದರೆ 60. ಜನ ಎಂಟು, ಅದರಲ್ಲಿ ಒಂದು ಕಳೆದು 7ರಿಂದ ಭಾಗಿಸಿದರೆ 8.57. ವರ್ಗಮೂಲ 2.93, ಇದು ಏರಿಕೆಗಳ ಮಾನಕ ವಿಚಲನೆ. ಇದನ್ನು 8ರ ವರ್ಗಮೂಲವಾದ 2.83ರಿಂದ ಭಾಗಿಸಿದರೆ ಮಾನಕ ದೋಷ, ಅಂದರೆ ಸರಾಸರಿಯಲ್ಲಿ ಆಕಸ್ಮಿಕವಾಗಿ ಆಗಬಹುದಾದ ಏರುಪೇರಿನ ಅಂದಾಜು, 1.035. ಸರಾಸರಿ ಏರಿಕೆ 4ನ್ನು ಇದರಿಂದ ಭಾಗಿಸಿ: ಟಿ = 3.86. ಎಂಟರಲ್ಲಿ ಒಂದು ಕಳೆದು ಬಂದ 7ನ್ನು ಸ್ವಾತಂತ್ರ್ಯ ಮಾತ್ರೆ (ಡಿಗ್ರೀಸ್ ಆಫ್ ಫ್ರೀಡಂ) ಎನ್ನುತ್ತಾರೆ; ಅದಕ್ಕೆ ಟಿ ಕೋಷ್ಟಕದಲ್ಲಿ 0.05ರ ಮಟ್ಟದಲ್ಲಿರುವ ಗಡಿ 2.365. ನಮ್ಮದು ಅದನ್ನು ದಾಟಿದೆ.

ಅದೇ ಅಂಕಗಳನ್ನು ಮೇ ತಿಂಗಳಲ್ಲಿ ಬೇರೆ ಎಂಟು ಜನ, ಜುಲೈನಲ್ಲಿ ಬೇರೆ ಎಂಟು ಜನ ಎಂದು ತಿಳಿದು ಲೆಕ್ಕ ಹಾಕಿ. ಸರಾಸರಿಗಳ ಅಂತರ ಆಗಲೂ 4. ಆದರೆ ಮಾನಕ ದೋಷ 2.13ಕ್ಕೆ ಏರುತ್ತದೆ, ಟಿ 1.88ಕ್ಕೆ ಇಳಿಯುತ್ತದೆ, ಸ್ವಾತಂತ್ರ್ಯ ಮಾತ್ರೆ 14ಕ್ಕೆ (ಎರಡು ಗುಂಪಿನಿಂದಲೂ ಒಂದೊಂದು ಕಳೆದು) ಇರುವ ಗಡಿ 2.145ನ್ನು ಮುಟ್ಟುವುದೇ ಇಲ್ಲ. ಒಂದು ಅಂಕಿಯೂ ಬದಲಾಗಿಲ್ಲ, ತೀರ್ಮಾನ ಬದಲಾಯಿತು. ಎರಡನೇ ಭಾಗದಲ್ಲಿ ಅದೇ ಜನರನ್ನು ಹಿಂಬಾಲಿಸಿ ಎಂದದ್ದು ಇದಕ್ಕೇ. ಸಾಫ್ಟ್‌ವೇರಿನಲ್ಲಿ "ಪೇರ್ಡ್" ಬದಲು "ಇಂಡಿಪೆಂಡೆಂಟ್" ಒತ್ತಿದರೆ ಆಗುವ ನಷ್ಟವೂ ಇದೇ.

ಏರಿಕೆ ಎಷ್ಟರ ಮಟ್ಟಿಗೆ ನಂಬಬಹುದು? 2.365ನ್ನು 1.035ರಿಂದ ಗುಣಿಸಿ, 4ರ ಎರಡೂ ಬದಿಗೆ ಇಡಿ: ಸುಮಾರು 1.6ರಿಂದ 6.4. ಇದು 95 ಶೇಕಡಾ ವಿಶ್ವಾಸಾಂತರ, ಅಂದರೆ ನಿಜವಾದ ಸರಾಸರಿ ಏರಿಕೆ ಇರಬಹುದಾದ ವ್ಯಾಪ್ತಿಯ ಅಂದಾಜು. ಟಿ ಬೆಲೆಗಿಂತ ಇದನ್ನು ಓದುವುದು ನನಗೆ ಹೆಚ್ಚು ಇಷ್ಟ, ಏಕೆಂದರೆ ಎಂಟು ಜನರಿಂದ ಎಷ್ಟು ಕಡಿಮೆ ತಿಳಿಯುತ್ತದೆ ಎಂಬುದು ಇದರಲ್ಲಿ ನೇರವಾಗಿ ಕಾಣುತ್ತದೆ.

9. ಪಿ-ವ್ಯಾಲ್ಯೂ ಹೇಳುವುದೇನು?

ಮೇಲಿನ ಜೋಡಿ ಲೆಕ್ಕಕ್ಕೆ ಪಿ ಸುಮಾರು 0.006. ಅರ್ಥ ಇಷ್ಟು: ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಟಿ ಬರೀ ಆಕಸ್ಮಿಕವಾಗಿ ಬರುವ ಸಂಭವ ಸಾವಿರಕ್ಕೆ ಆರು. "ನನ್ನ ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವ 99.4 ಶೇಕಡಾ" ಎಂದು ಬರೆಯುವವರಿದ್ದಾರೆ, ಅದು ತಪ್ಪು. ಪಿ ಚಿಕ್ಕದಾದರೆ ಪರಿಣಾಮ ದೊಡ್ಡದು ಎಂಬುದೂ ತಪ್ಪು, ಅಳೆಯುವ ಜನರ ಸಂಖ್ಯೆ ಹೆಚ್ಚಿಸಿದರೆ ಅತಿ ಸಣ್ಣ ವ್ಯತ್ಯಾಸಕ್ಕೂ ಪಿ ಚಿಕ್ಕದಾಗುತ್ತದೆ.

0.05 ಎಂಬ ಗಡಿ 1925ರಲ್ಲಿ ರೊನಾಲ್ಡ್ ಫಿಶರ್ ಬರಹದಿಂದ ಬಳಕೆಗೆ ಬಂದ ಅನುಕೂಲದ ಗೆರೆ. ಅದನ್ನು ಹಿಡಿದು ಒಟ್ಟು ಅಂಕ, ಹತ್ತು ಪ್ರಶ್ನೆ, ವಯಸ್ಸು, ಮದುವೆ, ಸಾಲ ಎಂದು ಇಪ್ಪತ್ತು ಟೆಸ್ಟ್ ಹಾಕಿದಿರಿ ಎನ್ನಿ. ಎಲ್ಲೂ ಏನೂ ಇಲ್ಲದಿದ್ದರೂ ಒಂದಾದರೂ "ಗಣನೀಯ" ಎಂದು ಬರುವ ಸಂಭವ, ಟೆಸ್ಟ್‌ಗಳು ಒಂದನ್ನೊಂದು ಅವಲಂಬಿಸದಿದ್ದರೆ, 64 ಶೇಕಡಾ. ಅದೊಂದನ್ನೇ ಎತ್ತಿ ವರದಿ ಬರೆಯುವ ಚಾಳಿ ಮನಶ್ಶಾಸ್ತ್ರಕ್ಕೆ ದುಬಾರಿಯಾಗಿದೆ. 2015ರಲ್ಲಿ ಒಂದು ದೊಡ್ಡ ಅಂತರರಾಷ್ಟ್ರೀಯ ತಂಡ ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೂಲದಲ್ಲಿ 97 ಶೇಕಡಾ ಗಣನೀಯ ಫಲಿತಾಂಶ ಕೊಟ್ಟಿದ್ದವು. ಮರುಪ್ರಯತ್ನದಲ್ಲಿ 36 ಶೇಕಡಾ ಮಾತ್ರ.

ಹಾಗಾಗಿ ಬಂದರಿಗೆ ಕಾಲಿಡುವ ಮೊದಲೇ ಒಂದು ಪುಟ ಬರೆದು, ದಿನಾಂಕ ಹಾಕಿ, ಗೈಡ್ ಸಹಿ ಪಡೆಯಿರಿ: ಮುಖ್ಯ ಪ್ರಶ್ನೆ ಇದು, ಟೆಸ್ಟ್ ಇದು, ಇಷ್ಟು ಜನ, ಇಂಥವರನ್ನು ಮಾತ್ರ ಲೆಕ್ಕದಿಂದ ಹೊರಗೆ ಬಿಡುತ್ತೇನೆ. ಆಮೇಲೆ ಡೇಟಾದಲ್ಲಿ ಬೇರೇನಾದರೂ ಕಂಡರೆ ಬರೆಯಲು ಅಡ್ಡಿಯಿಲ್ಲ, "ಇದು ನಂತರ ಕಂಡದ್ದು" ಎಂದು ಹೇಳಿ ಬರೆಯಿರಿ.

10. ಪರಿಹಾರ ಕೊಟ್ಟು ನೋಡುವವರಿಗೆ

ಈಗ ಶಿರಸಿ. ಮಳೆ ಜೋರಾಗಿ ಅಡಿಕೆಗೆ ಕೊಳೆರೋಗ ಹತ್ತಿದಾಗ, ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡರೂ ಸಿಗದೆ, ಬೆಳೆಗಾರರು ಕಂಗಾಲಾಗಿರುತ್ತಾರೆ. ಒಬ್ಬ ವಿದ್ಯಾರ್ಥಿನಿ ಜುಲೈನಲ್ಲಿ 200 ಬೆಳೆಗಾರರನ್ನು ಅಳೆದು, ಅತಿ ಹೆಚ್ಚು ಅಂಕ ಬಂದ 30 ಜನರನ್ನು ಆರಿಸಿ, ಆರು ವಾರ ಪ್ರಾಣಾಯಾಮ ಹೇಳಿಕೊಟ್ಟಳು ಎಂದುಕೊಳ್ಳಿ. ಅಕ್ಟೋಬರಿನಲ್ಲಿ ಅಳೆದರೆ ಒತ್ತಡ ಚೆನ್ನಾಗಿ ಇಳಿದಿದೆ. ಪ್ರಾಣಾಯಾಮ ಕೆಲಸ ಮಾಡಿತೇ?

ಹೇಳಲು ಬರುವುದಿಲ್ಲ. ಮಳೆ ನಿಂತಿದೆ, ರೋಗದ ಭಯ ಕಳೆದಿದೆ. ಇದು ಸುಲಭವಾಗಿ ಹೊಳೆಯುವ ಕಾರಣ. ಹೊಳೆಯದ ಕಾರಣ ಇನ್ನೊಂದಿದೆ. ಯಾವುದೇ ಅಳತೆಯಲ್ಲೂ ಆ ದಿನದ ಆಕಸ್ಮಿಕ ಸ್ವಲ್ಪ ಸೇರಿರುತ್ತದೆ: ಹಿಂದಿನ ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಮನೆಯಲ್ಲಿ ಜಗಳ. ಅತಿ ಹೆಚ್ಚು ಅಂಕ ಬಂದವರನ್ನೇ ಆರಿಸಿದಾಗ ಅಂಥ ಕೆಟ್ಟ ದಿನದಲ್ಲಿದ್ದವರು ಹೆಚ್ಚಾಗಿ ಒಳಗೆ ಬರುತ್ತಾರೆ. ಮತ್ತೆ ಅಳೆದರೆ ಏನೂ ಮಾಡದಿದ್ದರೂ ಅವರ ಅಂಕ ಸರಾಸರಿಯ ಕಡೆ ಇಳಿಯುತ್ತದೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರದಲ್ಲಿ ಗುರುತಿಸಿದ್ದು ಇದನ್ನೇ. ಶಿಬಿರಗಳ "ಮೊದಲು ಮತ್ತು ನಂತರ" ವರದಿಗಳಲ್ಲಿ ಕಾಣುವ ಸುಧಾರಣೆಯಲ್ಲಿ ಇದರ ಪಾಲು ಎಷ್ಟೆಂದು ಹೋಲಿಕೆ ಗುಂಪಿಲ್ಲದೆ ಯಾರೂ ಹೇಳಲಾರರು.

ಮಾಡಬೇಕಾದದ್ದು: ಆ 30 ಜನರ ಹೆಸರು ಚೀಟಿಯಲ್ಲಿ ಬರೆದು, ಎತ್ತಿ, 15 ಜನರಿಗೆ ಈಗ ತರಬೇತಿ, 15 ಜನರಿಗೆ ಅಕ್ಟೋಬರಿನ ಅಳತೆ ಮುಗಿದ ಮೇಲೆ ತರಬೇತಿ. ಯಾರಿಗೂ ವಂಚನೆ ಆಗುವುದಿಲ್ಲ. ಮಳೆ, ಬೆಲೆ, ಸರಾಸರಿಯ ಕಡೆಗಿನ ಇಳಿತ ಎಲ್ಲ ಎರಡೂ ಗುಂಪಿಗೆ ಸಮಾನ. ಇಲ್ಲಿ "ಪರಿಣಾಮ" ಎಂಬ ಪದ ಧೈರ್ಯವಾಗಿ ಬಳಸಬಹುದು. 15 ಚಿಕ್ಕ ಸಂಖ್ಯೆ ನಿಜ. ದೊಡ್ಡ ಪರಿಣಾಮ ಮಾತ್ರ ಅದರಲ್ಲಿ ಸಿಕ್ಕೀತು. ನಾಲ್ಕಾರು ಹಳ್ಳಿ ಸೇರಿಸಿಕೊಂಡು ಸಂಖ್ಯೆ ಹೆಚ್ಚಿಸಿ.

11. ವರದಿ

ಫಲಿತಾಂಶದ ವಾಕ್ಯ ಹೀಗಿರಲಿ: "ಮೇ ತಿಂಗಳಲ್ಲಿ ಸರಾಸರಿ ಅಂಕ 16.0 (ಮಾನಕ ವಿಚಲನೆ 3.74), ಜುಲೈನಲ್ಲಿ 20.0 (4.72). ಸರಾಸರಿ ಏರಿಕೆ 4.0, 95 ಶೇಕಡಾ ವಿಶ್ವಾಸಾಂತರ 1.6ರಿಂದ 6.4, ಟಿ(7) = 3.86, ಪಿ = 0.006." ಗಡಿ ದಾಟದಿದ್ದರೂ ಇಷ್ಟೇ ವಿವರ ಕೊಡಿ. "ವ್ಯತ್ಯಾಸ ಇಲ್ಲ" ಎಂದು ಬರೆಯಬೇಡಿ, "ವ್ಯತ್ಯಾಸ ಇದೆ ಎನ್ನಲು ಈ ಮಾದರಿಯಲ್ಲಿ ಸಾಕಷ್ಟು ಆಧಾರ ಸಿಗಲಿಲ್ಲ" ಎಂದು ಬರೆಯಿರಿ. ಮಿತಿಗಳ ಭಾಗದಲ್ಲಿ "ಮಾದರಿ ಚಿಕ್ಕದು, ಸಮಯ ಕಡಿಮೆ" ಎಂಬ ಸಿದ್ಧ ಸಾಲು ಬಿಟ್ಟು, ನಿಮ್ಮ ಅಧ್ಯಯನಕ್ಕೇ ವಿಶಿಷ್ಟವಾದದ್ದನ್ನು ಹೇಳಿ: ಎಷ್ಟು ಕಲಾಸಿಗಳು ಜುಲೈನಲ್ಲಿ ಸಿಗಲಿಲ್ಲ, ಸಿಗದವರ ಮೇ ಅಂಕ ಉಳಿದವರಿಗಿಂತ ಬೇರೆ ಇತ್ತೇ, ಆ ಜುಲೈನಲ್ಲಿ ನಾಡದೋಣಿಗಳು ಎಷ್ಟು ದಿನ ಕಡಲಿಗಿಳಿದವು. ಅನುಬಂಧದಲ್ಲಿ ಕನ್ನಡ, ಕೊಂಕಣಿ ಪ್ರಶ್ನಾವಳಿ, ಒಪ್ಪಿಗೆ ಪತ್ರದ ಖಾಲಿ ನಮೂನೆ, ಮೊದಲು ಸಹಿ ಮಾಡಿಸಿದ ಆ ಒಂದು ಪುಟ ಮೂರೂ ಇರಲಿ. ಬಂದರಿನ ಜನ ಫಲಿತಾಂಶ ಕೇಳಿದ್ದರೆ ಅವರ ಭಾಷೆಯಲ್ಲಿ ಒಂದು ಹಾಳೆಯಷ್ಟು ಬರೆದು, ಆಗಸ್ಟಿನಲ್ಲಿ ಬೋಟ್‌ಗಳು ಹೊರಟ ಮೇಲೆ ದಡಕ್ಕೆ ಬಂದ ದಿನ ನೋಡಿ ತಲುಪಿಸಿ.